ಅಕ್ಕನ ಮಾತಿಗೆ ದಿನದ ಮಿತಿ

ನನ್ನ ಅಕ್ಕನಿಗೆ ಹುಟ್ಟಿನಿಂದ ಕಿವಿ ಕೇಳುವುದಿಲ್ಲ, ಬಾಯಿಂದ ಮಾತೂ ಬರುವುದಿಲ್ಲ. ಕಿವುಡ ಮಕ್ಕಳಿಗೆಂದೇ ಶಾಲೆ ಇರುತ್ತದೆ ಎಂಬುದು ನಮ್ಮ ಮನೆಯಲ್ಲಿ ಗೊತ್ತಾಗುವ ಹೊತ್ತಿಗೆ ಆಕೆ ಮದುವೆಯ ವಯಸ್ಸಿಗೆ ಬಂದಿದ್ದಳು. ಆಕೆಗಿದ್ದ ಭಾಷೆ ಅಥಣಿಯ ನಮ್ಮ ಮನೆಯ ಒಲೆಯ ಮುಂದೆ ಹುಟ್ಟಿದ್ದು. ಅವ್ವ, ಅಕ್ಕ, ನಾನು, ಮೂವರೇ ಬಲ್ಲ ಕೈಭಾಷೆ ಅದು. ಮೂಗಿನ ಪಕ್ಕ ಬೆರಳಿಟ್ಟರೆ ಅವ್ವ. ಗಲ್ಲ ಹಿಂಡಿಕೊಂಡರೆ ನಾನು. ಎರಡೂ ಕೈಯಿಂದ ಕಡೆಗೋಲಿನ ಹಗ್ಗ ಎಳೆದಂತೆ ಮಾಡಿದರೆ ಮಜ್ಜಿಗೆ. ಅಂಗೈಯನ್ನು ಕೆನ್ನೆಗಿಟ್ಟು, ಕಣ್ಣು ಮುಚ್ಚಿ ತೆರೆದರೆ ನಾಳೆ. ಎರಡೂ ಅಂಗೈ ಬಿಚ್ಚಿ ಹುಬ್ಬು ಏರಿಸಿದರೆ ‘ಯಾಕೆ’. ಹೊರಗಿನವರಿಗೆ ಅದು ಬರೀ ಕೈಸನ್ನೆ. ನಮಗೆ ಅದರಲ್ಲಿ ಜಗಳವಾಡಲು ಬರುತ್ತಿತ್ತು, ಓಣಿಯವರನ್ನು ಅಣಕಿಸಲು ಬರುತ್ತಿತ್ತು, ಸತ್ತವರನ್ನು ನೆನೆಯಲು ಬರುತ್ತಿತ್ತು.

ಅಕ್ಕನನ್ನು ತೆಲಸಂಗದ ಕಡೆ ಕೊಟ್ಟರು. ಕುರಿ, ಆಡು, ಒಂದಿಷ್ಟು ಒಣಭೂಮಿ ಇದ್ದ ಮನೆ. ಆಕೆಯ ಗಂಡ ಒಳ್ಳೆಯವನೇ. ಕೈಯೆತ್ತಿದವನಲ್ಲ, ಉಪವಾಸ ಮಲಗಿಸಿದವನಲ್ಲ. ಆದರೆ ಆ ಮನೆಯಲ್ಲಿ ಅಕ್ಕನಿಗಾಗಿ ಇದ್ದ ಸನ್ನೆಗಳು ಬಾ, ಹೋಗು, ಉಣ್ಣು, ನೀರು, ಕುರಿ ಇಷ್ಟೇ. ಅಲ್ಲಿ ಆಕೆಯನ್ನು ಯಾರೂ ‘ಯಾಕೆ’ ಎಂದು ಕೇಳುತ್ತಿರಲಿಲ್ಲ. ಆಕೆ ಕೇಳಿದರೂ ಯಾರಿಗೂ ತಿಳಿಯುತ್ತಿರಲಿಲ್ಲ. ನನ್ನನ್ನು ಸತ್ತಿ ಎಂಬ ಊರಿಗೆ ಕೊಟ್ಟರು, ಹೊಳೆ ದಂಡೆಯ ಕಬ್ಬು, ದ್ರಾಕ್ಷಿಯ ಮನೆಗೆ. ಇಬ್ಬರೂ ತವರಿಗೆ ಬಂದಾಗ ಅವ್ವನ ಮುಂದೆ ಕೂತು, ಕೈ ಸೋಲುವವರೆಗೆ ಮಾತಾಡುತ್ತಿದ್ದೆವು. ಅವ್ವ ತೀರಿಕೊಂಡ ಮೇಲೆ ಈ ಭೂಮಿಯ ಮೇಲೆ ಅಕ್ಕನ ಭಾಷೆ ಬಲ್ಲವಳು ನಾನೊಬ್ಬಳೇ ಉಳಿದೆ.

ಆಕೆಗೊಂದು ಸ್ಮಾರ್ಟ್‌ಫೋನ್ ಕೊಡಿಸಬೇಕೆಂದು ನಾನು ಹಟ ಹಿಡಿದದ್ದು ಅದಕ್ಕೇ. ಅಕ್ಕನ ಗಂಡ ಮೊದಲು ನಕ್ಕ. ಕಿವಿ ಕೇಳದವಳಿಗೆ ಫೋನ್ ಯಾಕೆಂದು ಅವನಿಗೆ ಹೊಳೆಯಲಿಲ್ಲ. ನನ್ನ ಫೋನಿನಲ್ಲಿ ವಿಡಿಯೋ ಕಾಲ್ ಮಾಡಿ ತೋರಿಸಿದ ಮೇಲೆ ಸರಿ ನಡಿ ಎಂದ. ಮೂವರೂ ಅಥಣಿಯ ಮೊಬೈಲ್ ಅಂಗಡಿಗೆ ಹೋದೆವು. ಫೋನ್ ಆರಿಸುವುದು ಬೇಗ ಮುಗಿಯಿತು. ತೊಡಕಾದದ್ದು ರೀಚಾರ್ಜ್ ಆರಿಸುವಾಗ.

ಅಂಗಡಿಯವನು ಹೇಳಿದ: “ಇದ ಛಲೋ ಐತ್ರಿ. ಕಾಲ್ ಅನ್‌ಲಿಮಿಟೆಡ್. ಎಷ್ಟ ಮಾತಾಡಿದ್ರೂ ತೀರೂದಿಲ್ಲ. ಮ್ಯಾಲೆ ದಿನಾ ಒಂದ್ ಜಿಬಿ ಡಾಟಾ.”

ಎಷ್ಟು ಮಾತಾಡಿದರೂ ತೀರುವುದಿಲ್ಲ ಎಂಬ ಮಾತಿಗೇ ಅಕ್ಕನ ಗಂಡ ಒಪ್ಪಿಬಿಟ್ಟ. ವಿಡಿಯೋ ಕಾಲ್‌ಗೂ ಅದು ಅನ್ವಯಿಸುತ್ತದೆಯೇ ಎಂದು ನಾನು ಕೇಳಿದೆ. ವಿಡಿಯೋಕ್ಕೆ ಡಾಟಾ ಹೋಗುತ್ತದೆ, ದಿನಕ್ಕೊಂದು ಜಿಬಿ ಮನೆಮಂದಿಗೆ ಸಾಕು ಎಂದ. ಫೈವ್ ಜಿ ಇದ್ದವರಿಗೆ ಡಾಟಾಕ್ಕೂ ಮಿತಿ ಇಲ್ಲ ಎಂದು ಇನ್ನೊಂದು ಪ್ಲಾನ್ ತೋರಿಸಿದ. ಆದರೆ ನಾವು ಕೊಂಡ ಫೋನಿಗೆ ಅದು ಬರುತ್ತಿರಲಿಲ್ಲ, ಅಕ್ಕನ ಊರಿನ ಟವರ್‌ಗೂ ಇನ್ನೂ ಬಂದಿರಲಿಲ್ಲ. ಹಾಗಾಗಿ ಮೊದಲಿನದನ್ನೇ ಹಾಕಿಸಿದೆವು.

ಆ ತಿಂಗಳು ಅಕ್ಕ ಮಾತಾಡಿದ್ದೇ ಮಾತಾಡಿದ್ದು. ಫೋನನ್ನು ಗೋಡೆಯ ಗೂಡಿನಲ್ಲಿ ನಿಲ್ಲಿಸಿ ಎರಡೂ ಕೈ ಬಿಡುವು ಮಾಡಿಕೊಂಡು, ಮದುವೆಯಾದಂದಿನಿಂದ ಕೂಡಿಟ್ಟಿದ್ದನ್ನೆಲ್ಲ ಹೇಳಿದಳು. ಅತ್ತೆಯ ನಡಿಗೆಯನ್ನು ಅಣಕಿಸಿದಳು. ಹೊಟ್ಟೆಯಲ್ಲೇ ಹೋದ ಕೂಸಿನ ಸುದ್ದಿಯನ್ನು ಅದೇ ಮೊದಲ ಸಲ ಪೂರ್ತಿ ಹೇಳಿದಳು. ಆಗ ಆಸ್ಪತ್ರೆಯಲ್ಲಿ ತನಗೆ ಯಾರೂ ಏನೂ ತಿಳಿಸಲಿಲ್ಲ, ಹೊಟ್ಟೆ ಹಗುರಾದದ್ದನ್ನು ನೋಡಿ ತಾನೇ ತಿಳಿದುಕೊಂಡೆ ಎಂದಳು.

ಅದನ್ನು ಹೇಳುತ್ತಿರುವಾಗಲೇ ಚಿತ್ರ ನಿಂತಿತು. ಆಕೆಯ ಕೈ ಅರ್ಧಕ್ಕೆ, ಗಾಳಿಯಲ್ಲಿ, ಹಾಗೇ. ದಿನದ ಡಾಟಾ ತೀರಿತ್ತು. ನಾನೇ ಬೇಸತ್ತು ಫೋನ್ ಇಟ್ಟೆನೆಂದು ಆಕೆ ಎರಡು ದಿನ ಸಿಟ್ಟು ಮಾಡಿಕೊಂಡಳು.

ಡಾಟಾ ಅಂದರೇನೆಂದು ಆಕೆಗೆ ತಿಳಿಸಬೇಕಾಯಿತು. ನನಗೇ ಅರೆಬರೆ ತಿಳಿದಿತ್ತು. ಓಣಿಯ ನಳದ ಲೆಕ್ಕದಲ್ಲಿ ಹೇಳಿದೆ: ದಿನಾ ಒಂದು ಕೊಡ ಕೊಡುತ್ತಾರೆ, ತೀರಿದರೆ ಮರುದಿನದವರೆಗೆ ಬರೀ ತೊಟ್ಟಿಕ್ಕುತ್ತದೆ, ಉಳಿಸಿದರೆ ರಾತ್ರಿ ಚೆಲ್ಲಿಬಿಡುತ್ತಾರೆ. ಉಳಿದದ್ದನ್ನು ಯಾಕೆ ಚೆಲ್ಲುತ್ತಾರೆ ಎಂದು ಅಕ್ಕ ಕೇಳಿದಳು. ಕುರಿಗಳ ಹಿಂದೆ ಹೋದ ದಿನ ಆಕೆಗೆ ಸಿಗ್ನಲ್ಲೇ ಸಿಗುತ್ತಿರಲಿಲ್ಲ, ಆ ದಿನಗಳ ಕೊಡವೆಲ್ಲ ವ್ಯರ್ಥ. ಮನೆಯಲ್ಲಿ ಏನಾದರೂ ಆದ ದಿನ ಒಂದು ಕೊಡ ಯಾವ ಮೂಲೆಗೂ ಸಾಲುತ್ತಿರಲಿಲ್ಲ. ಮಾತು ಯಾರಿಗಾದರೂ ದಿನಕ್ಕಿಷ್ಟೇ ಎಂದು ಬರುತ್ತದೆಯೇ?

ಇಡೀ ತಿಂಗಳ ಡಾಟಾವನ್ನು ಒಟ್ಟಿಗೇ ಕೊಡುವ ಕನೆಕ್ಷನ್ ಇರುತ್ತದೆ, ಉಳಿದದ್ದು ಮುಂದಿನ ತಿಂಗಳಿಗೆ ಹೋಗುತ್ತದೆ ಎಂದು ಆಮೇಲೆ ವಿಚಾರಿಸಿ ತಿಳಿದುಕೊಂಡೆ. ಅದಕ್ಕೆ ತಿಂಗಳ ಕೊನೆಗೆ ಬಿಲ್ ಬರುತ್ತದೆ. ಅಕ್ಕನ ಗಂಡನಿಗೆ ಹೇಳಿದಾಗ ಅವನು ಹಿಂಜರಿದ. ಬಳಸಿದ ಮೇಲೆ ಬರುವ ಬಿಲ್ಲನ್ನು ನಂಬುವುದು ಹೇಗೆ, ಈಗ ನಡೆಯುತ್ತಿದೆಯಲ್ಲ, ದೀಪಾವಳಿ ಆಗಲಿ ನೋಡೋಣ ಎಂದ.

ದೀಪಾವಳಿಗೆ ಇನ್ನೂ ದಿನವಿತ್ತು. ಒಂದು ಬೆಳಗ್ಗೆ ಅಕ್ಕ ಕುರಿಗಳಿಗೆ ಕಣಿಕಿ, ಜೋಳದ ಒಣದಂಟು, ಕತ್ತರಿಸುತ್ತಿದ್ದಳು. ಮೋಟರ್ ಜೋಡಿಸಿದ ಮಷಿನ್. ನಡುವೆ ಕರೆಂಟ್ ಹೋಯಿತು. ಮಷಿನ್ನಿನ ಬಾಯಲ್ಲಿ ದಂಟು ಸಿಕ್ಕಿಕೊಂಡಿತ್ತು. ಕರೆಂಟ್ ಬರುವುದರೊಳಗೆ ತೆಗೆದುಬಿಡೋಣವೆಂದು ಆಕೆ ಬಲಗೈ ಒಳಗೆ ಹಾಕಿದಳು. ಸ್ವಿಚ್ ಆರಿಸಿರಲಿಲ್ಲ. ಕರೆಂಟ್ ಬಂದಾಗ ಮೋಟರ್ ಮೊದಲು ಗುಂಯ್ ಎನ್ನುತ್ತದೆ, ಆಮೇಲೆ ಗಾಲಿ ತಿರುಗುತ್ತದೆ. ಕಿವಿ ಕೇಳುವವರು ಆ ಗುಂಯ್ ಎಂಬುದಕ್ಕೇ ಕೈ ಎಳೆದುಕೊಳ್ಳುತ್ತಾರೆ.

ನಾನು ತೋಟದಲ್ಲಿ ದ್ರಾಕ್ಷಿ ಕಡ್ಡಿ ಸವರುವವರ ಜೊತೆಗಿದ್ದೆ. ಅಕ್ಕನ ಗಂಡ ಅಕ್ಕನ ಫೋನಿನಿಂದಲೇ ಕಾಲ್ ಮಾಡಿದ. ಕೈ ಮಷಿನ್ನಿಗೆ ಸಿಕ್ಕಿದೆ, ಅಥಣಿಯಲ್ಲಿ ಬರೀ ಬಟ್ಟೆ ಸುತ್ತಿ ಮಿರಜಕ್ಕೆ ಒಯ್ಯಲು ಹೇಳಿದ್ದಾರೆ, ಜೀಪಿನಲ್ಲಿದ್ದೇವೆ ಎಂದ. ನಾನು ಉಟ್ಟ ಸೀರೆಯಲ್ಲೇ ಹೊರಟೆ. ಅಥಣಿಯಲ್ಲಿ ಮಿರಜದ ಬಸ್ಸು ಹತ್ತಿದಾಗ ಅವರು ಆಗಲೇ ದವಾಖಾನೆ ಮುಟ್ಟಿದ್ದರು.

ಬಸ್ಸಿನಲ್ಲಿದ್ದಾಗ ಮತ್ತೆ ಕಾಲ್ ಬಂತು. ಈ ಸಲ ಮಾತಾಡಿದವರು ಡಾಕ್ಟರು, ಮರಾಠಿಯಲ್ಲಿ. ಕೈ ಮಣಿಕಟ್ಟಿನ ಮೇಲಿನವರೆಗೂ ಜಜ್ಜಿಹೋಗಿದೆ, ಉಳಿಸಲು ಬರುವುದಿಲ್ಲ, ತೆಗೆಯಲೇಬೇಕು ಎಂದರು. ಈಕೆ ಎಡಗೈಯಿಂದ ಏನೋ ಕೇಳುತ್ತಿದ್ದಾಳೆ, ನಮಗೆ ಯಾರಿಗೂ ತಿಳಿಯುತ್ತಿಲ್ಲ, ನೀವು ಆಕೆಗೆ ಹೇಳಬಲ್ಲಿರಾ ಎಂದು ಕೇಳಿದರು. ವಿಡಿಯೋ ಕಾಲ್ ಮಾಡಿಸಿರಿ, ಹೇಳುತ್ತೇನೆ ಎಂದೆ.

ವಿಡಿಯೋ ಹತ್ತಲಿಲ್ಲ. ಚಕ್ರ ತಿರುಗಿತು, ಕಟ್ಟಾಯಿತು. ಇನ್ನೊಮ್ಮೆ ಮಾಡಿದಾಗ ಒಂದೇ ಒಂದು ಚಿತ್ರ ಬಂತು: ಅಕ್ಕನ ಮುಖ, ತೆರೆದ ಬಾಯಿ, ಮೇಲೆತ್ತಿದ ಎಡಗೈ. ಅದು ಅಲ್ಲೇ ನಿಂತಿತು. ಅದನ್ನು ಕತ್ತರಿಸಿ ಸಾದಾ ಕಾಲ್ ಮಾಡಿದೆ. ಅದು ತಕ್ಷಣ ಹತ್ತಿತು. ಅವಳ ಗಂಡನ ದನಿಯ ಹಿಂದೆ ಅಕ್ಕ ಗಂಟಲಿನಿಂದ ತೆಗೆಯುತ್ತಿದ್ದ ಸ್ವರ ನನಗೆ ಸ್ವಚ್ಛವಾಗಿ ಕೇಳುತ್ತಿತ್ತು. ಆಕೆಯ ಸ್ವರ ನನ್ನನ್ನು ಮುಟ್ಟುತ್ತಿತ್ತು. ನನ್ನ ಕೈ ಆಕೆಗೆ ಕಾಣುತ್ತಿರಲಿಲ್ಲ.

“ಮೊಬೈಲ್ ಕೆಟ್ಟೈತವಾ,” ಎಂದ ಅಕ್ಕನ ಗಂಡ. “ರಕ್ತ ಒಳಗ ಹೋಗೇತಿ ಕಾಣತೈತಿ.”

ನಾನೂ ಒಂದಿಷ್ಟು ಹೊತ್ತು ಅದನ್ನೇ ನಂಬಿದೆ. ಬಂದ್ ಮಾಡಿ ಚಾಲೂ ಮಾಡು ಎಂದೆ, ಬಾಗಿಲ ಕಡೆ ಬಂದು ನೋಡು ಎಂದೆ. ಬೆಳಗ್ಗೆಯಿಂದ ಅಕ್ಕ ಯಾರಿಗೂ ಕಾಲ್ ಮಾಡಿರಲಿಲ್ಲ, ದಿನದ ಡಾಟಾ ತುಂಬಿದಂತೇ ಇರಬೇಕಿತ್ತು. ಕಾಗವಾಡ ಹತ್ತಿರ ಬರುವಾಗ, ಸಾದಾ ಕಾಲ್ ಇಷ್ಟು ಚೆನ್ನಾಗಿ ಕೇಳುತ್ತಿದೆಯೆಂದರೆ ಫೋನ್ ಕೆಟ್ಟಿಲ್ಲ, ಡಾಟಾ ತೀರಿದೆ ಎಂದು ಹೊಳೆಯಿತು. ನನ್ನ ಫೋನಿನಿಂದಲೇ ಅಕ್ಕನ ನಂಬರಿಗೆ ಹೆಚ್ಚುವರಿ ಡಾಟಾ ಹಾಕಿದೆ. ಹಾಕಿದ ಗಳಿಗೆಗೆ ಬಸ್ಸು ಸಿಗ್ನಲ್ ಇಲ್ಲದ ಕಡೆ ಸಿಕ್ಕಿ, ಅದು ಹೋಯಿತೋ ಇಲ್ಲವೋ ಗೊತ್ತಾಗಲಿಲ್ಲ. ಯಾರದಾದರೂ ಫೋನ್ ಕೇಳಿ ಇಸಿದುಕೋ ಎಂದು ಅಕ್ಕನ ಗಂಡನಿಗೆ ಹೇಳಬೇಕೆಂದರೆ ಆ ಕಾಲೂ ಹತ್ತಲಿಲ್ಲ. ಅವನಿಗೇ ಆ ಬುದ್ಧಿ ಹೊಳೆದಿತ್ತಂತೆ. ಪಕ್ಕದ ಹಾಸಿಗೆಯ ರೋಗಿಯ ಕಡೆಯ ಹೆಂಗಸೊಬ್ಬಳು ತನ್ನ ಫೋನ್ ಕೊಟ್ಟಿದ್ದಳು. ನನ್ನ ನಂಬರ್ ಹುಡುಕಿ ಒತ್ತುವುದರೊಳಗೆ, ಇನ್ನು ಕಾಯಲಾಗದೆಂದು ಅಕ್ಕನನ್ನು ಒಳಗೆ ತಳ್ಳಿಕೊಂಡು ಹೋಗಿದ್ದರು. ಸಿಗ್ನಲ್ ಬಂದು ನನ್ನ ಫೋನಿನಲ್ಲಿ ವಿಡಿಯೋ ತೆರೆದುಕೊಂಡಾಗ ಕಂಡದ್ದು ಮುಚ್ಚಿದ ಬಾಗಿಲು.

ಆಪರೇಷನ್ ಮುಗಿಯುವವರೆಗೆ ನಾನು ದವಾಖಾನೆಯ ಬೆಂಚಿನ ಮೇಲೆ ಕೂತು ಅಕ್ಕನ ಫೋನ್ ನೋಡಿದೆ. ಬೆಳಗ್ಗೆ ಆಕೆ ಕುರಿಗಳ ಹತ್ತಿರ ಇದ್ದ ಹೊತ್ತಿನಲ್ಲಿ ಫೋನ್ ತನ್ನಷ್ಟಕ್ಕೆ ತಾನೇ ದೊಡ್ಡದೊಂದು ಅಪ್‌ಡೇಟ್ ಇಳಿಸಿಕೊಂಡಿತ್ತು. ಇಡೀ ದಿನದ ಡಾಟಾ ಅದಕ್ಕೇ ಹೋಗಿತ್ತು. ಮನೆಯವರು ಯಾರೂ ಅದನ್ನು ಮುಟ್ಟಿರಲಿಲ್ಲ. ಹಾಗೆಂದು ತಿಳಿದ ಮೇಲೆ ಸಿಟ್ಟು ಮಾಡಲೂ ಯಾರೂ ಉಳಿಯಲಿಲ್ಲ.

ಎಚ್ಚರವಾದಾಗ ಅಕ್ಕ ಮೊದಲು ನನ್ನನ್ನು ನೋಡಿದಳು. ಗಲ್ಲ ಹಿಂಡಿಕೊಳ್ಳಲು ಬಲಗೈ ಎತ್ತಿದಳು. ಬಂದದ್ದು ಬಟ್ಟೆ ಸುತ್ತಿದ ಮೋಟು. ಅದನ್ನು ಕಣ್ಣ ಮುಂದೆ ಹಿಡಿದು ನೋಡಿದಳು. ಆಮೇಲೆ ಎಡಗೈ ಬಿಚ್ಚಿ ಸುತ್ತ ಆಡಿಸಿದಳು. ‘ಎಲ್ಲಿ?’

ಹೊಲಿದು ಕೊಡುತ್ತಾರೆಂದು ಆಕೆ ತಿಳಿದಿದ್ದಳು. ಒಳಗೆ ಹೋಗುವ ಮುಂಚೆ ಎಡಗೈಯಲ್ಲಿ ಕೇಳುತ್ತಿದ್ದದ್ದೂ ಅದೇ, ಎಷ್ಟು ಹೊಲಿಗೆ ಹಾಕುತ್ತಾರೆ ಎಂದು. ನಾನು ಇದ್ದದ್ದನ್ನು ಹೇಳಿದೆ. ಆಕೆ ಹೆಗಲ ಮೇಲೆ ಕಂಬಳಿ ಎಳೆದುಕೊಂಡಂತೆ ಮಾಡಿ ಗಂಡನ ಹೆಸರು ತೆಗೆದಳು, ಅವನಿಗೆ ಮೊದಲೇ ಗೊತ್ತಿತ್ತೇ ಎಂದಳು. ಗೊತ್ತಿತ್ತು ಎಂದೆ. ನಿನಗೆ? ನನಗೂ ಎಂದೆ. ಅಕ್ಕ ಗೋಡೆಯ ಕಡೆ ಹೊರಳಿದಳು.

ಅವಳ ಗಂಡ ಹಾಸಿಗೆಯ ಕಾಲ ಹತ್ತಿರ ನಿಂತಿದ್ದ. ಅಂಗಿಯ ಮೇಲೆ ರಕ್ತ ಒಣಗಿ ಕಪ್ಪಾಗಿತ್ತು. “ಆಕಿಗೆ ಹೇಳವಾ,” ಎಂದ. “ನಾ ಹೇಳಬೇಕಂತ ಭಾಳ ಬಡದಾಡಿದೆ. ನನಗ ಹೇಳಾಕ ಬರಲಿಲ್ಲ.”

ನಾನು ಹಾಸಿಗೆಯ ಆ ಬದಿಗೆ ಹೋಗಿ ಹೇಳಿದೆ. ಅಕ್ಕ ಕಣ್ಣು ಮುಚ್ಚಿಕೊಂಡಳು. ನಮ್ಮ ಭಾಷೆಯಲ್ಲಿ ಕಣ್ಣು ಮುಚ್ಚಿದವರಿಗೆ ಏನನ್ನೂ ಹೇಳಲಾಗುವುದಿಲ್ಲ.

ಆಕೆಯನ್ನು ಊರಿಗೆ ಕರೆದೊಯ್ದ ಮೇಲೆ ಅಕ್ಕನ ಗಂಡ ತಾನಾಗಿಯೇ ನನ್ನನ್ನು ಅಥಣಿಗೆ ಕರೆಸಿಕೊಂಡ. ಅದೇ ಮೊಬೈಲ್ ಅಂಗಡಿ. ಈ ಸಲ ನಾನು ಬಾಯಿ ತೆರೆಯುವ ಪ್ರಸಂಗವೇ ಬರಲಿಲ್ಲ. “ದಿನದ್ದ ಬ್ಯಾಡ್ರಿ. ತಿಂಗಳದ್ದ ಒಮ್ಮೆಲೆ ಬೇಕ,” ಎಂದ. ಮಿತಿ ದಾಟಿದರೆ ಪೂರ್ತಿ ನಿಲ್ಲುತ್ತದೆಯೋ ನಿಧಾನವಾಗುತ್ತದೆಯೋ, ನಿಧಾನವಾದರೆ ವಿಡಿಯೋ ನಡೆಯುತ್ತದೆಯೋ ಇಲ್ಲವೋ, ಉಳಿದದ್ದು ಮುಂದಿನ ತಿಂಗಳಿಗೆ ಸೇರುತ್ತದೆಯೋ ಎಂದು ಒಂದೊಂದಾಗಿ ಕೇಳಿದ. ಅಪ್‌ಡೇಟ್ ತಾನಾಗಿ ಇಳಿಯದಂತೆ ಮಾಡಿಸಿಕೊಂಡ. ಆಧಾರ್ ಕೊಟ್ಟು ಸಹಿ ಮಾಡಿದ.

ಡಾಟಾ ಈಗ ಬೇಕಾದಷ್ಟಿತ್ತು. ಅಕ್ಕ ಮಾತಾಡಲಿಲ್ಲ. ನಾನು ಕಾಲ್ ಮಾಡಿದರೆ ಮನೆಯವರು ಫೋನ್ ಎತ್ತಿ ಆಕೆಯ ಮುಂದಿಡುತ್ತಿದ್ದರು. ಆಕೆ ಅದನ್ನು ಅಂಗಾತ ಮಲಗಿಸಿಬಿಡುತ್ತಿದ್ದಳು. ನನಗೆ ತಗಡಿನ ಪತ್ರಾಸಿನ ಮಾಡು ಕಾಣುತ್ತಿತ್ತು, ಕುರಿಮರಿಗಳ ಸದ್ದು ಕೇಳುತ್ತಿತ್ತು. ಸಂಕ್ರಮಣದ ಹೊತ್ತಿಗೆ ಒಂದು ದಿನ ಮುಖ ತೋರಿಸಿದಳು. ಎಡಗೈಯಲ್ಲಿ ಉಂಡಿಯಾ ಎಂದು ಕೇಳಿದಳು. ನಾನು ಊಟದ ಸುದ್ದಿಯನ್ನೇ ಎಳೆದು ಎಳೆದು ಹೇಳಿದೆ.

ಆಮೇಲೆ ಮಾತು ಶುರುವಾಯಿತು, ಆದರೆ ಮೊದಲಿನದಲ್ಲ. ಎರಡು ಕೈ ಬೇಕಾದ ಶಬ್ದಗಳೆಲ್ಲ ಹೋಗಿದ್ದವು. ಕೆಲವಕ್ಕೆ ಇಬ್ಬರೂ ಸೇರಿ ಒಂದು ಕೈಯ ಸನ್ನೆ ಕಟ್ಟಿದೆವು. ಹಲವನ್ನು ಆಕೆ ಬಿಟ್ಟೇಬಿಟ್ಟಳು. ಅಣಕಿಸುವುದನ್ನು ಬಿಟ್ಟಳು. ಒಂದೇ ಅಂಗೈ ಬಿಚ್ಚಿದರೆ ಅದು ‘ಎಲ್ಲಿ’ಯೋ ‘ಯಾಕೆ’ಯೋ ನನಗೆ ತಿಳಿಯದೆ ತಪ್ಪು ಉತ್ತರ ಕೊಟ್ಟಾಗ ಆಕೆ ಬೇಗ ಸೋಲುತ್ತಿದ್ದಳು.

ಅಕ್ಕನ ಗಂಡ ಈಗ ನಮ್ಮ ಭಾಷೆ ಕಲಿಯುತ್ತಿದ್ದಾನೆ. ಅಕ್ಕ ಹಿತ್ತಲಲ್ಲಿದ್ದಾಗ ನನಗೆ ಕಾಲ್ ಮಾಡಿ, ನೋವು ಎನ್ನುವುದು ಹೇಗೆ, ನಾಳೆ ಎನ್ನುವುದು ಹೇಗೆ ಎಂದು ಕೇಳುತ್ತಾನೆ. ಬೆರಳು ಸರಿಯಾಗಿ ಮಡಚುತ್ತಾನೆ, ಚೂಟಿಯಿದ್ದಾನೆ. ಆದರೆ ಅಕ್ಕ ಅವನಿಗೆ ಹಳೆಯ ‘ಬಾ’, ‘ಉಣ್ಣು’ಗಳಲ್ಲೇ ಉತ್ತರ ಕೊಡುತ್ತಾಳೆ. ಪ್ರತಿ ತಿಂಗಳೂ ಉಳಿದ ಡಾಟಾ ಮುಂದಕ್ಕೆ ಸೇರಿದೆ ಎಂಬ ಮೆಸೇಜ್ ಅವನಿಗೆ ಬರುತ್ತದೆ. ಮೊದಮೊದಲು ನನಗೆ ಓದಿ ಹೇಳುತ್ತಿದ್ದ, ಈಗ ಹೇಳುವುದಿಲ್ಲ.

ಹೋದ ವಾರ ಅಕ್ಕ ತಾನಾಗಿಯೇ ಕಾಲ್ ಮಾಡಿದಳು. ಮಧ್ಯಾಹ್ನದ ಬೆಳಕು, ಚಿತ್ರ ಎಲ್ಲೂ ನಿಲ್ಲಲಿಲ್ಲ, ಆಕೆಯ ಹಣೆಯ ಬೆವರೂ ಕಾಣುತ್ತಿತ್ತು. ಎಡಗೈಯಲ್ಲಿ ಏನೋ ಹೇಳಿದಳು. ನನಗೆ ತಿಳಿಯಲಿಲ್ಲ. ಮತ್ತೆ ಹೇಳಿದಳು, ನಿಧಾನವಾಗಿ, ಮೋಟುಗೈಯನ್ನೂ ಸೇರಿಸಿ. ಎರಡು ಕೈಯ ಯಾವುದೋ ಹಳೆಯ ಶಬ್ದವಿರಬೇಕು. ನಾನು ಒಂದೊಂದೇ ಊಹಿಸಿ ತೋರಿಸಿದೆ, ಆಕೆ ಅಲ್ಲ, ಅಲ್ಲ ಎಂದು ತಲೆಯಾಡಿಸಿದಳು. ಕೊನೆಗೆ ಹೋಗಲಿ ಬಿಡು ಎಂಬಂತೆ ಕೈ ಬೀಸಿ ಎದ್ದು ಹೋದಳು. ಫೋನ್ ಆರಿಸಲಿಲ್ಲ. ಫೋನಿನಲ್ಲಿ ಕಾಣುತ್ತಿದ್ದ ಖಾಲಿ ಗೋಡೆಯ ಎದುರು ನಾನು ಬಹಳ ಹೊತ್ತು ಕೂತೆ, ಆಕೆ ತಿರುಗಿ ಬರಲಿಲ್ಲ.