ಹಿಮದ ಮೇಲೆ ಹೊಯ್ಯದ ನೀರು

ಒಂದು ಬೆಳಗ್ಗೆ ನಾನು ಏಳಲಿಲ್ಲ. ಹಿತ್ತಲಿನ ಅವರೆ ಬಳ್ಳಿಗೆ ನೀರು ಹೊಯ್ಯಲಿಲ್ಲ. ಹೊಯ್ದೆ ಎಂದು ಅಕ್ಕನಿಗೆ ಹೇಳಿದೆ.

ನಾನು ಮಾಡಿದ್ದು ಇಷ್ಟೇ. ಕೇಳಿದವರು ಇದೇನು ಮಹಾ ಅಂದಾರು. ಆದರೆ ಆ ಒಂದು ಮಾತಿನಿಂದ ಅಕ್ಕ, ಸತ್ತುಹೋದ ನಮ್ಮ ಅವ್ವೆಯ ಮಾತನ್ನು ನಂಬುವುದು ಬಿಟ್ಟಳು. ತನ್ನ ಕೈಯನ್ನು ನಂಬುವುದನ್ನೂ ಬಿಟ್ಟಳು.

ನಮ್ಮ ಮನೆ ಇರುವುದು ಉದಕಮಂಡಲದ ಪೇಟೆ ಮುಗಿದು ಕ್ಯಾರೆಟ್ ಹೊಲಗಳು ಶುರುವಾಗುವ ಕಡೆ. ಒಂದಕ್ಕೊಂದು ಅಂಟಿಕೊಂಡ ಮನೆಗಳ ಸಾಲು, ತಗಡಿನ ಮಾಡು, ಹಿಂದೆ ನನ್ನ ಪಿಕಪ್ ವ್ಯಾನನ್ನು ತಿರುಗಿಸಲೂ ಆಗದಷ್ಟು ಚಿಕ್ಕ ಹಿತ್ತಲು. ಅದರ ಆಚೆ ಕರ್ಪೂರದ ಮರಗಳ, ಕೆಳಗಿನವರು ನೀಲಗಿರಿ ಮರ ಎನ್ನುವುದರ, ಇಳಿಜಾರು. ಮಂಜು ಇಳಿದರೆ ಆ ಮರಗಳು ಇರುವುದಿಲ್ಲ, ಹೊಲಗಳು ಇರುವುದಿಲ್ಲ, ಪಕ್ಕದ ಮನೆಯೂ ಇರುವುದಿಲ್ಲ. ನಮ್ಮ ಹಿತ್ತಲೊಂದೇ ಎಲ್ಲೋ ಮೇಲೆ ತೇಲುತ್ತಿರುವ ಹಾಗೆ ಕಾಣುತ್ತದೆ. ನಾನು ಮದುವೆಯಾದವನಲ್ಲ. ಭಾವ ತೀರಿಕೊಂಡ ಮೇಲೆ ಅಕ್ಕ ಕೋಟಗಿರಿ ಕಡೆಯ ಅವರ ಹಟ್ಟಿಯಿಂದ ಬಂದು ನನ್ನ ಜೊತೆ ಇದ್ದಳು. ಹತ್ತಿರದ ಸ್ಕೂಲಿನಲ್ಲಿ ಆಯಾ ಕೆಲಸ ಅವಳದು. ನಾನು ಆರನೆಯ ಕ್ಲಾಸಿಗೆ ಸ್ಕೂಲು ಬಿಟ್ಟು ವ್ಯಾನು ಹತ್ತಿದವನು. ಸ್ಕೂಲಿನಲ್ಲಿ ಕಲಿತ ಅಕ್ಷರ ತಮಿಳು. ಕನ್ನಡದ ಅಕ್ಷರ ಕಲಿತದ್ದು ಕಲ್ಲಟ್ಟಿ ಘಾಟು ಇಳಿದು ಗುಂಡ್ಲುಪೇಟೆಗೆ ಕ್ಯಾರೆಟ್ ಒಯ್ದು, ಮೂಟೆ ಇಳಿಸುವವರೆಗೆ ಕಾಯುತ್ತಾ, ಎದುರಿನ ಅಂಗಡಿಗಳ ಬೋರ್ಡು ಓದಿ.

ಒಂದು ಮಳೆಗಾಲದಲ್ಲಿ ಘಾಟಿನ ಗುಡ್ಡ ಕುಸಿದು ರಸ್ತೆ ಮುಚ್ಚಿತು. ಸಿಲಿಂಡರ್ ಬರಲಿಲ್ಲ. ಪೈಪು ಒಡೆದು ನಲ್ಲಿಯೂ ನಿಂತಿತು. ತಗಡಿನ ಮೇಲೆ ಮಳೆ ಹುಯ್ಯುತ್ತಿರುವಾಗ ಅಕ್ಕ ಖಾಲಿ ಕೊಡ ಹಿಡಿದು ನಿಂತು ನಗತೊಡಗಿದಳು. “ನೋಡಾ ತಮ್ಮ, ಆಕಾಶವೆಲ್ಲಾ ನೀರು, ನಂಗಳ ಮನೆಲಿ ಒಂದು ಲೋಟ ಇಲ್ಲೆ!” ಮರುದಿನವೇ ಎಲ್ಲಿಂದಲೋ ನೀಲಿ ಡ್ರಮ್ಮು ತಂದು ಮಾಡಿನ ನೀರು ಬೀಳುವ ಕಡೆ ಇಟ್ಟಳು. ಎಲ್ಲಾ ಶುರುವಾದದ್ದು ಆ ಡ್ರಮ್ಮಿನಿಂದ.

ಆಮೇಲೆ ಕೋಳಿ ಬಂತು. ಪಾತ್ರೆ ತೊಳೆದ ನೀರು ಕಾಲುವೆ ಹಿಡಿದು ಸೊಪ್ಪಿನ ಮಡಿಗೆ ಹೋಯಿತು. ಕೋಳಿಯ ಗೊಬ್ಬರ ಆಲೂಗಡ್ಡೆಗೆ, ಆಲೂಗಡ್ಡೆಯ ಸಿಪ್ಪೆ ಕೋಳಿಗೆ. ಸಂಜೆ ಸ್ಕೂಲಿನಿಂದ ಬರುವಾಗ ಅಕ್ಕ ಕರ್ಪೂರದ ಮರದ ಒಣ ಕಡ್ಡಿ ಆಯ್ದು ಸೆರಗಿನಲ್ಲಿ ಕಟ್ಟಿ ತರುತ್ತಿದ್ದಳು. ಅದನ್ನು ಉರಿಸಿದರೆ ಮನೆಯೆಲ್ಲಾ ನೆಗಡಿ ಔಷಧಿಯ ವಾಸನೆ. ಅಕ್ಕಿ, ಎಣ್ಣೆ, ಉಪ್ಪು ಬಿಟ್ಟು ಬೇರೆ ಯಾವುದೂ ಗೇಟು ದಾಟಿ ಒಳಗೆ ಬರಬಾರದು ಎನ್ನುವುದು ಅವಳ ಹಟ.

“ಅಕ್ಕ, ಮೂಟೆಗಟ್ಟಲೆ ಕ್ಯಾರೆಟ್ಟು ನನ್ನ ವ್ಯಾನಿಲೇ ಹೋಗುತ್ತೆ. ಒಂದು ಮೂಟೆ ತಂದು ಹಾಕುವೆ. ನೀ ಏಕೆ ಬೆನ್ನು ಮುರಿದುಕೊಳ್ಳುವೆ?”

“ನೀ ತರುವ ಕ್ಯಾರೆಟ್ಟಿಗ ನಂಗಳ ಮನೆ ದಾರಿ ಗೊತ್ತಿಲ್ಲೆ. ತಿಂದರೆ ಹೊಟ್ಟೆಯೊಳಗ ನಿಂತು ದಾರಿ ಕೇಳುತ್ತೆ.”

ಒಂದು ದಿನ ಕೋಳಿ ನನ್ನ ವ್ಯಾನಿನ ಸೀಟಿನ ಮೇಲೆ ಮೊಟ್ಟೆ ಇಟ್ಟಿತ್ತು. “ನಿನ್ನ ಕೋಳಿಗ ಒಂದು ಲೈಸೆನ್ಸ್ ಮಾಡಿಸು” ಎಂದೆ. “ಮಾಡಿಸುವೆ. ನಿನಕಿಂತ ಒಳ್ಳಂಗ ಓಡಿಸುತ್ತೆ” ಎಂದಳು.

ಎಲ್ಲಕ್ಕಿಂತ ಅವಳಿಗೆ ಪ್ರಾಣ ಅವರೆ ಬಳ್ಳಿ. ಅದು ಅಂಗಡಿಯ ಬೀಜವಲ್ಲ. ನೇರಳೆ ಮೈ, ಮೇಲೆ ಕಪ್ಪು ಚುಕ್ಕೆ. ಅವ್ವೆ ಮದುವೆಯಾಗಿ ಬರುವಾಗ ತನ್ನ ತವರಿನ ಹಟ್ಟಿಯಿಂದ ಮಡಿಲಿನಲ್ಲಿ ತಂದದ್ದು. ಬಿತ್ತುವ ದಿನ ಅವ್ವೆ ಒಂದು ಮಾತು ಹೇಳುತ್ತಿದ್ದಳು: ಮಣ್ಣಿಗ ಮುಕ್ಕಾಲು, ಮಡಕೆಗ ಕಾಲು. ಎಷ್ಟೇ ಆಸೆಯಾದರೂ ಬೀಜವನ್ನೆಲ್ಲಾ ಮಣ್ಣಿಗೆ ಹಾಕಬಾರದು. ಒಂದು ಪಾಲು ಬೂದಿಯ ಮಡಕೆಯಲ್ಲಿ ಮಲಗಿರಬೇಕು. ಹೊಲ ಹೋದರೂ ಮನೆ ಉಳಿಯುತ್ತದೆ. ಅಕ್ಕನೂ ಹಾಗೆಯೇ ಮಾಡುತ್ತಿದ್ದಳು. ಒಲೆಯ ಮೇಲಿನ ಹಲಗೆಯಲ್ಲಿ ಆ ಮಡಕೆ ಇರುತ್ತಿತ್ತು.

ಆ ವರ್ಷ ಮಳೆ ಬಿಡದೆ ಬಿತ್ತನೆ ತಡವಾಯಿತು. ಚಳಿಗಾಲ ಬಂದರೂ ಬೀಜಕ್ಕೆಂದು ಬಿಟ್ಟ ಕಾಯಿ ಬಲಿತಿರಲಿಲ್ಲ. ನಮ್ಮಲ್ಲಿ ಚಳಿಗಾಲದ ಬೆಳಗ್ಗೆ ಇಬ್ಬನಿ ಹೆಪ್ಪುಗಟ್ಟಿ ಹುಲ್ಲು, ಎಲೆ, ವ್ಯಾನಿನ ಗಾಜು ಎಲ್ಲವೂ ಉಪ್ಪು ಚೆಲ್ಲಿದಂತೆ ಬೆಳ್ಳಗಾಗುತ್ತದೆ. ಅದನ್ನು ಹಿಮ ಎನ್ನುತ್ತೇವೆ. “ಹಿಮ ಕೊಲ್ಲುವುದಿಲ್ಲೆ, ಹಿಮದ ಮೇಲೆ ಬೀಳುವ ಬಿಸಿಲು ಕೊಲ್ಲುತ್ತೆ” ಎನ್ನುತ್ತಿದ್ದಳು ಅವ್ವೆ. ಸೂರ್ಯ ಮುಟ್ಟುವ ಮೊದಲು ಎಲೆಯ ಮೇಲೆ ಮೆಲ್ಲಗೆ ನೀರು ಹೊಯ್ದು ಹಿಮ ಕರಗಿಸಬೇಕು. ಗಿಡ್ಡ ಗಿಡಗಳಿಗೆ ಗೋಣಿ ಹೊದಿಸಬಹುದು. ಕೋಲು ಹತ್ತಿ ಮಾಡಿನವರೆಗೆ ಹೋದ ಬಳ್ಳಿಗೆ ಯಾವ ಗೋಣಿ ಸಾಕಾದೀತು?

ಹೆತ್ತೆ ಹಬ್ಬ ಬಂತು. ನಮ್ಮೆಲ್ಲರ ಅಜ್ಜಿಯೆಂದು ಪೂಜಿಸುವ ತಾಯಿಯ ಹಬ್ಬ ಅದು. ಅಕ್ಕ ಬಿಳಿ ಬಟ್ಟೆ ಮಡಚಿಟ್ಟುಕೊಂಡು ಭಾವನ ಹಟ್ಟಿಗೆ ಹೊರಟಳು. ಗೇಟಿನ ಹತ್ತಿರ ಹೋದವಳು ತಿರುಗಿ ಬಂದಳು.

“ಬಿಸಿಲು ಬರುವ ಮೊದಲು, ತಮ್ಮ.”

“ಸರಿ ಅಕ್ಕ.”

“ಸರಿ ಸರಿ ಎಂದು ಹೊದ್ದು ಮಲಗಬೇಡ.”

“ಬೇಕಾದರೆ ನಿನ್ನ ಕೋಳಿಗ ಹೇಳಿ ಹೋಗು, ಅದು ಹೊಯ್ಯಲಿ.”

ನಕ್ಕು ಹೋದಳು. ಮೊದಲ ದಿನಗಳು ನಾನು ಎದ್ದೆ. ಡ್ರಮ್ಮಿನ ಮೇಲೆ ಕಟ್ಟಿದ ಗಾಜಿನಂಥ ಪದರ ಒಡೆದು ನೀರು ತೆಗೆದು ಹೊಯ್ದೆ. ಬೆರಳು ನನ್ನವೇ ಅಲ್ಲ ಅನಿಸುತ್ತಿತ್ತು. ಕೊನೆಯ ದಿನ, ಅಕ್ಕ ಸಂಜೆ ಬರುವ ದಿನ, ಹೀಗಾಯಿತು.

ನಾನು ಎದ್ದೆ. ಚಪ್ಪಲಿ ಹಾಕದೆ ಹಿತ್ತಲಿಗೆ ಹೋದೆ. ನೆಲವೆಲ್ಲಾ ಬಿಳಿ, ಆದರೆ ಕಾಲಿಗೆ ತಣ್ಣಗಿರಲಿಲ್ಲ. ಡ್ರಮ್ಮಿನ ನೀರು ಬೆಚ್ಚಗಿತ್ತು. ಹೊಯ್ದ ಹಾಗೆ ಒಂದೊಂದೇ ಎಲೆ ಹಸಿರಾಗಿ ಕಣ್ಣು ಬಿಡುತ್ತಾ ಹೋಯಿತು. ಡ್ರಮ್ಮಿನ ಆಚೆ ಅವ್ವೆ ನಿಂತಿದ್ದಳು, ತಲೆಗೆ ಬಿಳಿ ವಸ್ತ್ರ ಕಟ್ಟಿ. “ಆ ಮೂಲೆ ಬಿಟ್ಟೆ” ಎಂದಳು. ಆ ಮೂಲೆಗೂ ಹೋಗಿ ಹೊಯ್ದೆ. ಮನಸ್ಸಿಗೆ ಎಷ್ಟು ನೆಮ್ಮದಿಯೆಂದರೆ, ಕೆಲಸ ಮುಗಿಯಿತಲ್ಲಾ ಎಂದು ಇನ್ನೂ ಆಳಕ್ಕೆ ಮಲಗಿದೆ.

ಕಣ್ಣು ಬಿಟ್ಟಾಗ ಗೋಡೆಯ ಮೇಲೆ ಬಿಸಿಲು ಬಿದ್ದಿತ್ತು.

ಹಿತ್ತಲಿಗೆ ಓಡಿದೆ. ಅಂಥ ಚೆಂದವನ್ನು ನಾನು ಬದುಕಿನಲ್ಲಿ ನೋಡಿರಲಿಲ್ಲ. ಪ್ರತಿ ಎಲೆ, ಪ್ರತಿ ಕಾಯಿ, ಕೋಳಿ ಗೂಡಿನ ತಂತಿ ಕೂಡ ಥಳಥಳ ಹೊಳೆಯುತ್ತಿತ್ತು. ಹಿಮ ಹನಿಯಾಗಿ ತೊಟ್ಟಿಕ್ಕುತ್ತಿತ್ತು. ಅಷ್ಟು ಹೊಳೆಯುತ್ತಿದ್ದುದು ಸಾಯುತ್ತಿದೆ ಎಂದು ಹೇಗೆ ನಂಬುವುದು? ಚೊಂಬು ತೆಗೆದುಕೊಂಡು ಮೇಲೆ ಕೆಳಗೆ ಎರಚಿದೆ. ಅದು ತಡವಾದ ನೀರು. ಮಧ್ಯಾಹ್ನಕ್ಕೆ ಎಲೆಗಳು ಬೇಯಿಸಿದ ಸೊಪ್ಪಿನಂತೆ ಜೋತವು. ಸಂಜೆಗೆ ಕಪ್ಪಾದವು. ಕಾಯಿ ಒತ್ತಿದರೆ ಒಳಗಿನ ಬೀಜ ನೀರಾಗಿ ಬೆರಳಿಗೆ ಬಂತು.

ಅಕ್ಕ ಬಿಳಿ ಬಟ್ಟೆಯಲ್ಲೇ, ಪ್ರಸಾದದ ಪೊಟ್ಟಣ ಹಿಡಿದು, ಬಳ್ಳಿಯ ಮುಂದೆ ನಿಂತಳು.

“ನೀರು ಹೊಯ್ದೆಯಾ?”

“ಹೊಯ್ದೆ.”

“ಬಿಸಿಲು ಬರುವ ಮೊದಲಾ?”

ನನ್ನ ಮನಸ್ಸಿನಲ್ಲಿ ಇನ್ನೂ ಆ ಬೆಚ್ಚಗಿನ ನೀರು ಇತ್ತು. ಹಸಿರಾದ ಎಲೆಗಳು ಇದ್ದವು. “ಮೊದಲೇ” ಎಂದೆ. ಹೇಳುವಾಗ ಅದು ಪೂರ್ತಿ ಸುಳ್ಳು ಅನಿಸಲಿಲ್ಲ. ಅದೇ ನನ್ನ ತಪ್ಪಿನ ಅತಿ ಕೆಟ್ಟ ಭಾಗ.

ಅವಳು ಬೈದಿದ್ದರೆ ಬಾಯಿ ಬಿಡುತ್ತಿದ್ದೆನೋ ಏನೋ. ಬೈಯಲಿಲ್ಲ. ಒಂದು ಎಲೆ ಕಿತ್ತು ಅಂಗೈಯಲ್ಲಿ ಪುಡಿ ಮಾಡಿ, “ಹಂಗಾದರೆ ಬೀಜಕ್ಕ ಬಲ ಇಲ್ಲೆ” ಎಂದು ಒಳಗೆ ಹೋದಳು.

ಆಮೇಲೆ ಹಿತ್ತಲು ಒಂದೇ ಸಲಕ್ಕೆ ಹೋಗಲಿಲ್ಲ. ಮಂಜಿನಲ್ಲಿ ಮರ ಹೋಗುವಂತೆ, ನೋಡುತ್ತಿರುವಾಗಲೇ ಇಲ್ಲವಾಯಿತು. ಬಳ್ಳಿಯ ಕೋಲುಗಳು ಒಲೆಗೆ ಹೋದವು. ಡ್ರಮ್ಮಿಗೆ ತೂತು ಬಿತ್ತು, ಅಕ್ಕ ಮುಚ್ಚಲಿಲ್ಲ. ಕೋಳಿಗಳನ್ನು ಪಕ್ಕದ ಮನೆಗೆ ಕೊಟ್ಟಳು. ಗೇಟು ದಾಟಿ ತರಕಾರಿಯ ಚೀಲ ಒಳಗೆ ಬರತೊಡಗಿತು, ಅದೂ ನನ್ನ ಕೈಯಲ್ಲೇ. ನಾನು ತಮಾಷೆಗೆ ಕೇಳಿದ್ದೆಲ್ಲಾ ನಡೆದುಹೋಯಿತು. ಪಕ್ಕದ ಮನೆಯ ಹೆಂಗಸು “ಏಕೆ ಎಲ್ಲಾ ಬಿಟ್ಟೆ?” ಎಂದು ಕೇಳಿದಾಗ ಅಕ್ಕ, “ಅವ್ವೆ ಕಾಲದ ಹಿಮ ಬೇರೆ, ಈಗಿನ ಹಿಮ ಬೇರೆ. ಪಾಪ, ತಮ್ಮ ಹೊತ್ತಿಗ ಸರಿಯಾಗಿ ನೀರು ಹೊಯ್ದ. ಆದರೂ ನಿಲ್ಲಲಿಲ್ಲೆ” ಎಂದಳು. ನಾನು ವ್ಯಾನಿನ ಗಾಜು ಒರೆಸುತ್ತಿದ್ದೆ. ಒರೆಸಿದ್ದನ್ನೇ ಒರೆಸಿದೆ.

ಕಲ್ಲಟ್ಟಿಯ ತಿರುವುಗಳಲ್ಲಿ ಇಳಿಯುವಾಗ ಎಷ್ಟೋ ಸಲ ಹೇಳಿ ನೋಡಿದೆ, ಪಕ್ಕದ ಖಾಲಿ ಸೀಟಿಗೆ. ಕೆಳಗೆ ಮಾವನಲ್ಲ ಎನ್ನುವ ಊರಿನ ಕಡೆಯ ಬೆಚ್ಚಗಿನ ಗಾಳಿ ಮುಖಕ್ಕೆ ಬಡಿಯುವಷ್ಟರಲ್ಲಿ ಎಲ್ಲಾ ಮಾತೂ ಸಿದ್ಧವಾಗಿರುತ್ತಿತ್ತು. ತಿರುಗಿ ಮೇಲೆ ಹತ್ತುವಾಗ ಒಂದೊಂದು ತಿರುವಿನಲ್ಲಿ ಒಂದೊಂದು ಮಾತು ಬಿದ್ದುಹೋಗುತ್ತಿತ್ತು. ಮನೆ ಮುಟ್ಟುವಾಗ “ಅಕ್ಕ, ಕಾಫಿ” ಎನ್ನುವುದಷ್ಟೇ ಉಳಿಯುತ್ತಿತ್ತು.

ಚಳಿ ಮುಗಿದು ಮೊದಲ ಮಳೆ ಬಿತ್ತು. ಬಿತ್ತನೆಯ ಹೊತ್ತು. ಆ ಸಂಜೆ ಗುಂಡ್ಲುಪೇಟೆಯಿಂದ ಬಂದಾಗ ಮೊದಲು ಕಂಡದ್ದು ಹಲಗೆಯ ಮೇಲೆ ಬೋರಲು ಹಾಕಿದ ಮಡಕೆ. ಕೆಳಗೆ ಅಕ್ಕ ಕಾಲು ಚಾಚಿ ಕೂತಿದ್ದಳು. ಮುಂದೆ ಪಾತ್ರೆಯ ನೀರಿನಲ್ಲಿ ನೆನೆದು ಉಬ್ಬಿದ ಅವರೆ. ಆ ನೀರು ನಸು ನೇರಳೆಯಾಗಿತ್ತು. ಮಡಕೆಯ ಕಾಲು ಪಾಲು, ಅವ್ವೆಯ ಬೀಜದಲ್ಲಿ ಉಳಿದದ್ದು ಅಷ್ಟೇ. ಅಕ್ಕ ಒಂದನ್ನು ತೆಗೆದು ಬೆರಳಿನಿಂದ ಹಿದುಕಿದಳು. ಸಿಪ್ಪೆ ಕೈಯಲ್ಲಿ ಉಳಿದು, ಬೆಳ್ಳನೆಯ ಬೇಳೆ ತಟ್ಟೆಗೆ ಹಾರಿತು. ತಟ್ಟೆಯಲ್ಲಿ ಆಗಲೇ ಕೆಲವು ಇದ್ದವು. ಹಿದುಕಿದ್ದು ಇನ್ನು ಮೊಳೆಯುವುದಿಲ್ಲ.

“ಏನ ಮಾಡುತ್ತಿ ಅಕ್ಕ?”

“ಆಲೂಗಡ್ಡೆ ಹಾಕಿ ಸಾರು. ನೀ ಇಷ್ಟಪಟ್ಟು ತಿನ್ನುವೆಯಲ್ಲಾ. ಬಲ ಇಲ್ಲದ ಬೀಜ ಬೂದಿಲಿ ಎಷ್ಟು ದಿನ ಮಲಗೀತು? ಹೊಟ್ಟೆಗಾದರೂ ಆಗಲಿ.”

ಇನ್ನೊಂದನ್ನು ತೆಗೆದಳು. ನಾನು ಕೂತು ಪಾತ್ರೆಯ ಬಾಯಿಗೆ ಎರಡೂ ಕೈ ಅಡ್ಡ ಹಿಡಿದೆ.

“ಇದೇನ, ಮಗುವಿನಂಗ?” ಎಂದು ನಕ್ಕಳು. ನನ್ನ ಮುಖ ನೋಡಿ ನಗು ನಿಲ್ಲಿಸಿದಳು.

“ಹಿದುಕಬೇಡ ಅಕ್ಕ. ಬೀಜದ ಬಲ ಹೋಗಲಿಲ್ಲೆ. ಅವ್ವೆ ಹೇಳಿದ್ದೂ ಸುಳ್ಳಾಗಲಿಲ್ಲೆ. ಆ ಬೆಳಗ್ಗೆ ನಾ ಏಳಲಿಲ್ಲೆ. ಕನಸಿಲಿ ಹೊಯ್ದೆ. ಹಿತ್ತಲಿಲಿ ಹೊಯ್ದದ್ದು ಬಿಸಿಲು ಬಂದ ಮೇಲೆ. ಮೊದಲೇ ಎಂದು ನಿನಗ ಸುಳ್ಳು ಹೇಳಿದೆ.”

ಒಲೆಯಲ್ಲಿ ಕರ್ಪೂರದ ಕಡ್ಡಿ ಚಟಪಟ ಎಂದಿತು. ಅಕ್ಕ ಹಿದುಕಿದ ಬೇಳೆಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು.

“ಆ ಸಂಜೆಯೇ ಹೇಳಿದ್ದರೆ ನಾ ಏನ ಮಾಡುತ್ತಿದ್ದೆ?” ಎಂದಳು. “ಕತ್ತೆ ಎಂದು ಬೈಯುತ್ತಿದ್ದೆ. ಒಂದು ಹೊತ್ತು ಊಟ ಹಾಕುತ್ತಿರಲಿಲ್ಲೆ. ಅಷ್ಟೇ. ನಾ ಅವ್ವೆಯ ಮೇಲೆ ಅನುಮಾನ ಪಟ್ಟೆನಲ್ಲೋ, ತಮ್ಮ.”

ಅವಳ ಎರಡು ಬೆರಳ ನಡುವೆ ಹಿದುಕದೆ ಉಳಿದ ಒಂದು ಅವರೆ ಇತ್ತು. ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು. ಆಮೇಲೆ ನನ್ನ ಕೈ ಸರಿಸಿ, ಅದನ್ನು ಮೆಲ್ಲಗೆ ನೀರಿಗೆ ಬಿಟ್ಟಳು.

ಘಾಟಿನಲ್ಲಿ ಬಿದ್ದುಹೋಗುತ್ತಿದ್ದ ಮಾತು ಆಗ ಬಾಯಿಗೆ ಬಂತು.

“ತಪ್ಪಾತು ಅಕ್ಕ” ಎಂದೆ. “ನಿನಗೂ, ಅವ್ವೆಗೂ. ತಪ್ಪಾತು.”