ಹೆಣದ ಕೈಯಲ್ಲಿ ಹಾರೆ, ಕಾವಲಿಗೆ ಭೀಮಶಾ

ಈಗಷ್ಟೇ ಬೆಳಕು ಹರಿಯುತ್ತಿದೆ. ಇಜೇರಿಯ ಹೊಲವೊಂದರಲ್ಲಿ ಅರ್ಧ ತೋಡಿದ ಬಾವಿ. ದಂಡೆಯ ಮೇಲೆ ಕಂಬಳಿ ಹೊದಿಸಿದ ಹೆಣ, ಪಕ್ಕದಲ್ಲಿ ಬಡಿಗೆ ಹಿಡಿದು ಕೂತ ವಾಲೀಕಾರ ಭೀಮಶಾ. ನಿನ್ನೆ ಸಂಜೆ ಬಾವಿಯ ಗೋಡೆ ಕುಸಿದು, ಒಳಗೆ ತೋಡುತ್ತಿದ್ದ ಕೂಲಿಯಾಳು ಭಗವಂತ ಮಣ್ಣಡಿಯಾದ. ಮೇಲೆತ್ತಿದಾಗ ಅವನ ಬೆರಳು ಹಾರೆಯನ್ನು ಬಿಗಿದುಕೊಂಡಿದ್ದವು. ಅದನ್ನು ಬಿಡಿಸಲು ಭೀಮಶಾ ಈವರೆಗೆ ಯಾರನ್ನೂ ಬಿಟ್ಟಿಲ್ಲ.

"ಕೈ ತೊಳದು ಇಬತ್ತಿ ಹಚ್ತೇನೋ ಯಪ್ಪಾ, ಹಿಂಗ ಬಿಡಬಾರ್ದು," ಎಂದು ಸತ್ತವನ ತಾಯಿ ಅಂಬುಬಾಯಿ ಅಂಗಲಾಚುತ್ತಾಳೆ.

"ಜಮಾದಾರ್ರು ಬರ್ಲಿ, ಯವ್ವಾ. ಅಲ್ಲೀತನಾ ನಿನ್ನ ಮಗ ಕೆಲಸದ ಮ್ಯಾಲ ಇದ್ದಾನ."

ವಾಲೀಕಾರನೆಂದರೆ ಊರಿನ ಚಾಕರಿಯವ. ಡಂಗುರ ಸಾರಬೇಕು, ಯಾರಾದರೂ ಅಕಾಲದಲ್ಲಿ ಸತ್ತರೆ ಠಾಣೆಗೆ ನಡೆದು ಸುದ್ದಿ ಮುಟ್ಟಿಸಿ ಬಂದು ಹೆಣ ಕಾಯಬೇಕು. ಇಪ್ಪತ್ತೆರಡು ವರ್ಷದಲ್ಲಿ ಭೀಮಶಾ ಕಾದದ್ದು ನಲವತ್ತೊಂದು ಹೆಣ. ದುಡಿಯುತ್ತ ಸತ್ತವರು ಹದಿನೇಳು ಎಂದು ಅವರು ಬೆರಳು ಮಡಿಚಿ ಹೇಳುತ್ತಾರೆ. ಪೊಲೀಸರ ಕಾಗದದಲ್ಲಿ ಹಾಗೆ ಬಂದವರು ನಾಲ್ವರು. ಉಳಿದವರೆಲ್ಲ ಕಾಲು ಜಾರಿದವರು, ಈಜಲು ಹೋದವರು. ನಮ್ಮ ಕಡೆ ಬಡವನಿಗೆ ಈಜಿನ ಹುಚ್ಚು ಬಹಳ ನೋಡಿ!

ಅಂಥದೊಂದು ಸುಳ್ಳಿಗೆ ಭೀಮಶಾ ಅವರೇ ದಾರಿ ಮಾಡಿಕೊಟ್ಟಿದ್ದರು. ಎಪ್ಪತ್ತಾರನೇ ಇಸವಿಯಲ್ಲಿ ಇಂಥದೇ ಬಾವಿ ತೋಡುವಾಗ ನೆರೆಮನೆಯ ಧರ್ಮಣ್ಣ ಸತ್ತ. ಹತಾರ ಹಿಡಿದು ಮಣ್ಣಿಗೆ ಹೋಗಬಾರದೆಂಬ ಹಿರಿಯರ ಮಾತಿನಂತೆ ಭೀಮಶಾ ಅವನ ಕೈಯ ಹಾರೆ ಬಿಡಿಸಿ, ಕೆಸರು ತೊಳೆದು, ಹಣೆಗೆ ವಿಭೂತಿ ಹಚ್ಚಿ ಮಲಗಿಸಿದರು. ಪೊಲೀಸರು ಬಂದಾಗ ಹೊಲದ ಮಾಲೀಕ, "ಜಳಕಕ್ಕ ಬಂದಿದ್ದ, ಬಿದ್ದ," ಎಂದ. ಪಂಚನಾಮೆಯೂ ಹಾಗೇ ಆಯಿತು. ಅದಕ್ಕೆ ಹೆಬ್ಬೆಟ್ಟು ಒತ್ತಿದವರಲ್ಲಿ ಭೀಮಶಾ ಕೂಡ ಒಬ್ಬರು. ಓದಿ ಹೇಳಿ ಎಂದು ಕೇಳಬೇಕೆಂಬುದು ಆಗ ಗೊತ್ತಿರಲಿಲ್ಲ. ದುಡಿಯುತ್ತ ಸತ್ತವರ ಮನೆಗೆ ಬರಬೇಕಾದ ಪರಿಹಾರ ಧರ್ಮಣ್ಣನ ಹೆಂಡತಿ ಮಲ್ಕಮ್ಮನಿಗೆ ಸಿಗಲಿಲ್ಲ.

"ಆಕಿ ಬೈಲಿಲ್ರಿ. 'ಅಣ್ಣಾ, ಅವರ ಕೈ ಯಾಕ ತೊಳದಿ?' ಅಂದ್ಲು, ಅಷ್ಟ. ಬೈದಿದ್ರ ಛಲೋ ಇತ್ತು," ಎನ್ನುತ್ತಾರೆ ಭೀಮಶಾ. ಇವತ್ತಿಗೂ ಅವರು ದಿನಾ ಅವಳ ಬಾಗಿಲು ದಾಟಿಯೇ ಚಾಕರಿಗೆ ಹೊರಡಬೇಕು.

ಹೊತ್ತೇರಿದ ಮೇಲೆ ಠಾಣೆಯಿಂದ ಜಮಾದಾರರು ಬರುತ್ತಾರೆ. ಈ ಹೊಲದ ಮಾಲೀಕನ ಕಡೆಯವನೊಬ್ಬ ಅದೇ ಜಳಕದ ಕಥೆ ಶುರು ಮಾಡುತ್ತಾನೆ. ಭೀಮಶಾ ಕಂಬಳಿ ಸರಿಸುತ್ತಾರೆ.

"ಹಾರಿ ಹಿಡಕೊಂಡು ಜಳಕ ಮಾಡ್ತಾರೇನ್ರಿ, ಸಾಹೇಬ್ರ? ಮೊದಲ ಹಾರಿ ಬರಕೋರಿ, ಓದಿ ಹೇಳ್ರಿ. ಆಮ್ಯಾಲ ಹೆಬ್ಬೆಟ್ಟ ಒತ್ತತೇನಿ."

ಜಮಾದಾರರು ಸಿಡುಕುತ್ತಾರೆ. ಆದರೂ ಬರೆದು ಓದುತ್ತಾರೆ: ಬಾವಿ ತೋಡುವಾಗ ಮಣ್ಣು ಕುಸಿದು ಸಾವು, ಕೈಯಲ್ಲಿ ಹಾರೆ. ಪರಿಹಾರ ಬರುತ್ತದೋ ಇಲ್ಲವೋ, ಯಾರು ಬಲ್ಲರು? ಹೆಬ್ಬೆಟ್ಟು ಒತ್ತಿದ ಭೀಮಶಾ ಭಗವಂತನ ಬೆರಳುಗಳನ್ನು ಒಂದೊಂದಾಗಿ ಬಿಡಿಸುತ್ತಾರೆ.

"ಬಾ ಯವ್ವಾ, ಈಗ ತೊಳಿ."

ಊರಿಗೆ ಮರಳುವ ಹಾದಿಯಲ್ಲಿ, ನಿಮಗೇನು ಆಸೆ ಎಂದು ಕೇಳಿದರೆ ಬಡಿಗೆಯೂರಿ ನಡೆಯುತ್ತಲೇ ಹೇಳುತ್ತಾರೆ:

"ಮೊಣಕಾಲು ಹೋಗ್ಯಾವ್ರಿ. ಒಂದಿನ ಠಾಣಾಕ್ಕ ಹೋಗೋ ಹಾದ್ಯಾಗ ನಾನೂ ಬೀಳ್ತೇನಿ. ಕೈಯಾನ ಬಡಿಗಿ ಯಾರೂ ತಗೀಬ್ಯಾಡ್ರಿ. ಭೀಮಶಾ ಚಾಕರಿ ಮ್ಯಾಲ ಇದ್ದಾಂತ ಬರೀಲಿ."