ಆರ್ವಿಯ ಕೋಟು, ಎಲ್ಮಾಳ ಲೂಮು

ತನ್ನ ನಾಯಿ ಲೂಮುವನ್ನು ಗುಂಡಿಟ್ಟು ಕೊಲ್ಲುವುದೆಂದು ಅಂಗಡಿಯ ಓಯ್ವಾ ತೀರ್ಮಾನಿಸಿದ್ದು ಅದು ಅವನ ಬೂಟು ತಿಂದು ಮುಗಿಸಿದ ದಿನವಲ್ಲ, ಪಾದ್ರಿಯ ಮನೆಯ ಕೋಳಿ ಹಿಡಿದ ದಿನವೂ ಅಲ್ಲ. ಮೊಲದ ಹಿಂದೆ ಓಡಿ, ಯಾವುದೋ ದೂರದ ಊರು ಸೇರಿ, ವಾರ ಕಳೆದ ಮೇಲೆ ಹಾಲಿನ ಲಾರಿಯಲ್ಲಿ ಮಹಾರಾಣಿಯ ಹಾಗೆ ಕೂತು ವಾಪಸು ಬಂದ ದಿನ. ಲಾರಿಯವನು ನಗುತ್ತಿದ್ದ. ಓಯ್ವಾನಿಗೆ ನಗು ಬರಲಿಲ್ಲ. ಒಳಗೆ ಹೋಗಿ ಬಂದೂಕು ತಂದ.

ಅದೇ ಹೊತ್ತಿಗೆ ಕಾಫಿಪುಡಿಗೆಂದು ಬಂದಿದ್ದ ಎಲ್ಮಾ ಕಾರ್ಪಿನೆನ್ ಅಂಗಡಿಯ ಮೆಟ್ಟಿಲ ಮೇಲೆ ನಿಂತಿದ್ದಳು.

"ಬಂದೂಕ ಒಳಗಿಡು ಓಯ್ವಾ. ಆ ನಾಯೀನ ನಾನು ಕರ್ಕೊಂಡ್ ಹೋಗ್ತೀನಿ."

"ನೀನಾ? ಕುದುರೆ ಎಳೆದ ಹಾಗೆ ಎಳೆಯುತ್ತೆ ಇದು. ನಿನ್ನನ್ನ ರಷ್ಯಾದ ಗಡಿ ತನಕ ದರದರ ಎಳ್ಕೊಂಡ್ ಹೋಗುತ್ತೆ, ಅಷ್ಟೆ."

"ಹೋಗ್ಲಿ ಬಿಡು. ಗಡಿ ನೋಡಿ ಬಂದ ಹಾಗಾಗುತ್ತೆ."

ಹಾಗೆ ಲೂಮು ಎಲ್ಮಾಳ ಮನೆ ಸೇರಿತು. ಕಪ್ಪು ಬೆನ್ನು, ಕಂದು ತಲೆ, ಬಿಳಿ ಎದೆ, ಒಂದು ಗಳಿಗೆಯೂ ನಿಲ್ಲದ ಬಾಲ. ಮೊಲವನ್ನು ಬೊಗಳುತ್ತ ಅಟ್ಟುವುದಕ್ಕೆಂದೇ ಹುಟ್ಟಿದ ಜಾತಿ. ಹೆಂಗಸೊಬ್ಬಳು ಅಂಥ ನಾಯಿ ಸಾಕುವುದೆಂದರೆ ಆ ಕಾಲದಲ್ಲಿ ಊರಿಗೆಲ್ಲ ಪುಕ್ಕಟೆ ತಮಾಷೆ. ಎಲ್ಮಾ ಯಾರ ಮಾತಿಗೂ ಕಿವಿಗೊಡಲಿಲ್ಲ. ಮನೆಯಲ್ಲಿ ಒಂದು ಹಸು ಮತ್ತು ಗಡಿಯಾರ ಬಿಟ್ಟರೆ ಸದ್ದು ಮಾಡುವುದು ಬೇರೇನೂ ಇರಲಿಲ್ಲ. ಸದ್ದಿಲ್ಲದ ಮನೆ ಏನು ಮಾಡುತ್ತದೆಂದು ಅದರಲ್ಲಿ ಇದ್ದವರಿಗೇ ಗೊತ್ತು.

ಅವಳ ಗಂಡ ಆರ್ವಿ ಮರ ಕಡಿಯುವ ಕಡೆ ತೀರಿಕೊಂಡಿದ್ದ. ಪೈನ್ ಮರವೊಂದು ಬೀಳಬೇಕಾದ ಕಡೆ ಬೀಳದೆ ಅವನ ಮೇಲೆ ಬಿತ್ತು. ಮರ ಕಡಿಯುವವರು ಎಂಥ ಚಳಿಯಲ್ಲೂ ಕೋಟು ಬಿಚ್ಚಿ ಕೊಂಬೆಗೆ ತಗುಲಿಸಿ ಅಂಗಿಯಲ್ಲೇ ಕೊಡಲಿ ಬೀಸುತ್ತಾರೆ. ಹಾಗಾಗಿ ಆರ್ವಿ ನಜ್ಜುಗುಜ್ಜಾದರೂ ಕೋಟಿಗೆ ಒಂದು ಗೀರೂ ಬಿದ್ದಿರಲಿಲ್ಲ. ಜೊತೆಯಲ್ಲಿ ಕೆಲಸ ಮಾಡುತ್ತಿದ್ದ ರೇಯ್ನೋ ಸಾವಿನ ಸುದ್ದಿಯನ್ನೂ ಕೋಟನ್ನೂ ಒಟ್ಟಿಗೇ ತಂದ. ಕುರಿಚರ್ಮದ ಒಳಪದರದ ಬೂದು ಬಣ್ಣದ ಕೋಟು. ಮರದ ಅಂಟು, ತಂಬಾಕು, ಅದರ ಕೆಳಗೆ ಆರ್ವಿಯ ಮೈಯ ವಾಸನೆ. ಎಲ್ಮಾ ಅದನ್ನು ಬಾಗಿಲ ಹಿಂದೆ ತೂಗುಹಾಕಿದಳು. ಬೆಳಿಗ್ಗೆ ಹಾಲು ಕರೆಯಲು ಹೋಗುವ ಮೊದಲು ಅದರ ಕೊರಳಪಟ್ಟಿಯಲ್ಲಿ ಮುಖ ಹುದುಗಿಸಿ ಸ್ವಲ್ಪ ಹೊತ್ತು ನಿಲ್ಲುತ್ತಿದ್ದಳು. ನಗುವವರು ನಗಲಿ. ಸಮಾಧಿಯ ಕಲ್ಲಿಗೆ ವಾಸನೆ ಇರುವುದಿಲ್ಲವಲ್ಲ.

ಲೂಮುವನ್ನು ಪಳಗಿಸುವುದು ಹೇಗೆಂದು ಹೇಳಿಕೊಟ್ಟವನು ರೇಯ್ನೋ. ಮೊದಲ ವಸಂತವೆಲ್ಲ ಹಗ್ಗ ಕಟ್ಟಿ ನಡೆಸಿದ್ದಾಯಿತು. ಎಲ್ಕ್ ಜಿಂಕೆಯ ಹೆಜ್ಜೆ ಸಿಕ್ಕರೆ ಮೂತಿ ತಿರುಗಿಸಬೇಕು, ಹಸುವಿನ ತಂಟೆಗೆ ಹೋಗಬಾರದು, ಕೊಂಬು ಊದಿದರೆ ಬರಬೇಕು. ಅದನ್ನೆಲ್ಲ ಲೂಮು ಕಲಿಯಿತು. ಕೊಂಬಿನ ಸದ್ದು ಮುಟ್ಟದಷ್ಟು ದೂರ ಓಡಿಹೋದರೆ ತಾನಾಗಿ ವಾಪಸು ಬರುವುದೊಂದು ಮಾತ್ರ ಕಲಿಯಲಿಲ್ಲ.

"ನಾಯೀನ ಬಿಟ್ಟ ಜಾಗದಲ್ಲಿ ನಿನ್ನ ಮೈಮೇಲಿನ ಬಟ್ಟೆ ಒಂದು ಹಾಸು," ಎಂದ ರೇಯ್ನೋ. "ಓಡಿ ಓಡಿ ಸಾಕಾದ್ಮೇಲೆ ಅಲ್ಲಿಗೇ ಬಂದು ಅದರ ಮೇಲೆ ಮಲಗುತ್ತೆ. ಕತ್ತಲಾದ್ರೆ ನೀನು ಮನೆಗೆ ಬಂದು ಮಲಕ್ಕೋ. ಬೆಳಿಗ್ಗೆ ಹೋದ್ರೆ ಅಲ್ಲೇ ಇರುತ್ತೆ. ನಮ್ಮಪ್ಪ ಹಾಗೇ ಮಾಡ್ತಿದ್ದ, ಅವನಪ್ಪನೂ ಹಾಗೇ."

"ಯಾವ ಬಟ್ಟೆ ಆದ್ರೂ ಆಗುತ್ತಾ?"

"ಯಾವುದಾದ್ರೂ ಸರಿ. ಆದ್ರೆ ಒಂದು ಸಲ ಹಾಸಿದ್ಮೇಲೆ ಯಾವಾಗ್ಲೂ ಅದೇ. ಅದು ನೀನು ನಾಯಿಗೆ ಕೊಟ್ಟ ಮಾತು ಎಲ್ಮಾ. ನಾನು ಬಂದೇ ಬರ್ತೀನಿ ಅನ್ನೋ ಮಾತು."

ಎಲ್ಮಾ ತನ್ನ ಉಣ್ಣೆಯ ಸ್ವೆಟರ್ ಹಾಸಿದಳು. ಲೂಮು ಅದನ್ನು ಎಳೆದುಕೊಂಡು ಹೋಗಿ ಜವುಗಿನಲ್ಲಿ ಮುಳುಗಿಸಿತು. ಕಂಬಳಿ ಹಾಸಿದಳು, ಅದರ ಅಂಚನ್ನು ಕಡಿದು ತಿಂದಿತು. ಬೇಸತ್ತು ಕೊನೆಗೊಂದು ದಿನ, ಚಳಿಗೆ ತೊಟ್ಟುಕೊಂಡು ಹೋಗಿದ್ದ ಆರ್ವಿಯ ಕೋಟನ್ನೇ ಬಿಚ್ಚಿ ಹಾಸಿದಳು. ಲೂಮು ಅದನ್ನು ಸುತ್ತ ಮೂಸಿತು, ಕಂಕುಳಿನ ಕಡೆ ಮೂತಿ ತೂರಿಸಿತು, ದೊಡ್ಡದೊಂದು ಉಸಿರು ಬಿಟ್ಟು ಮಲಗಿಬಿಟ್ಟಿತು. ಆರ್ವಿಯನ್ನು ಒಮ್ಮೆಯೂ ಕಾಣದ ನಾಯಿ ಅದು.

ಎಲ್ಮಾಳಿಗೆ ಮೊದಲು ಬಂದದ್ದು ಸಿಟ್ಟು. ಇದು ಯಾರದು ಗೊತ್ತೇನು ನಿನಗೆ ಎಂದು ಬೈಯಬೇಕೆನಿಸಿತು. ಬೈಯಲು ಬಾಯಿ ತೆರೆದರೆ ಅಳು ಬಂತು. ಮಣ್ಣು ಮಾಡುವ ದಿನವೂ ಅಳದವಳು ನಾಯಿಯ ಪಕ್ಕ ಕೂತು ಬಿಕ್ಕಿ ಬಿಕ್ಕಿ ಅತ್ತಳು. ಅಂದಿನಿಂದ ಆ ಕೋಟು ಇಬ್ಬರದೂ ಆಯಿತು.

ಆಮೇಲೆ ಎಲ್ಲ ಸಲೀಸು. ಮೊದಲು ಅಂಗಳದಾಚೆ ಕೋಟು ಹಾಸಿ ಲೂಮುವನ್ನು ಕಾಯಿಸಿದಳು, ಆಮೇಲೆ ಕೊಟ್ಟಿಗೆಯ ಹಿಂದೆ, ಆಮೇಲೆ ಕಾಡಿನಲ್ಲಿ. ಅವಳು ಬರುವ ತನಕ ಲೂಮು ಕೋಟು ಬಿಟ್ಟು ಏಳುತ್ತಿರಲಿಲ್ಲ. ಶರತ್ಕಾಲ ಬಂದಾಗ ಅದರ ಗಂಟೆಯಂಥ ದನಿ ದಿನ್ನೆಯಿಂದ ದಿನ್ನೆಗೆ ಮೊಳಗಿತು. ನಕ್ಕಿದ್ದ ಗಂಡಸರೇ ಬೇಲಿಗೆ ಒರಗಿ ನಿಂತು ಕೇಳಿದರು. ಓಯ್ವಾ ಮಾತ್ರ, "ನನ್ನ ಬೂಟು ತಿಂದೇ ಅದಕ್ಕೆ ಆ ಗಂಟಲು ಬಂದಿದ್ದು," ಎಂದು ಹೇಳಿಕೊಂಡು ತಿರುಗಿದ. ಎಲ್ಮಾ ಆ ಚಳಿಗಾಲ ಮೊಲದ ಸಾರು ಉಂಡಳು, ಗಟ್ಟಿಯಾಗಿ ನಕ್ಕಳು, ಮನೆಯಲ್ಲಿ ಒಬ್ಬಳೇ ಇದ್ದಾಗಲೂ ಮಾತಾಡಿದಳು.

ಮರುವರ್ಷ ನವೆಂಬರಿನಲ್ಲಿ ಒಂದು ದಿನ ಲೂಮು ಮುದಿ ಮೊಲವೊಂದರ ಹಿಂದೆ ಬಿದ್ದು ಸರೋವರದಾಚೆಯ ಜವುಗಿನ ಕಡೆ ಹೋಯಿತು. ದನಿ ಸಣ್ಣಗಾಗುತ್ತ ಹೋಗಿ ಕೇಳದಾಯಿತು. ಕತ್ತಲು ಕವಿಯುತ್ತಿದ್ದಂತೆ ಎಲ್ಮಾ ಎಂದಿನಂತೆ, ಸರೋವರದ ಆಚೆ ದಡದ ಸ್ಪ್ರೂಸ್ ಮರದ ಬುಡದಲ್ಲಿ ಕೋಟು ಹಾಸಿ, ದಡ ಬಳಸಿ ಮನೆಗೆ ಬಂದಳು. ಬಂದು ಕಾಫಿಗೆ ಇಡುವಷ್ಟರಲ್ಲಿ ಹಿಮ ಬೆರೆತ ಮಳೆ ಹಿಡಿದುಕೊಂಡಿತು. ನೋಡಿ ಹೋಗೋಣವೆಂದು ರೇಯ್ನೋ ಬಂದಿದ್ದ. ಎಲ್ಮಾ ಕಿಟಕಿ ಬಿಟ್ಟು ಕದಲಲಿಲ್ಲ.

"ನಾಯಿಗೇನೂ ಆಗಲ್ಲ, ಕೂತ್ಕೋ," ಎಂದ ಅವನು.

"ನಾಯಿ ಯೋಚನೆ ಅಲ್ಲ. ಕೋಟು ನೆನೀತಾ ಇದೆ."

"ನೆನೀಲಿ. ಒಣಗುತ್ತೆ."

"ವಾಸನೆ ತೊಳೆದು ಹೋಗುತ್ತೆ ರೇಯ್ನೋ. ಅವನದು ಅಂತ ನನ್ನ ಹತ್ರ ಉಳಿದಿರೋದು ಅದೊಂದೇ."

ರೇಯ್ನೋ ಬಟ್ಟಲು ಕೆಳಗಿಟ್ಟ. "ನೋಡು, ಆರ್ವಿ ಸತ್ತಿದ್ದಾನೆ. ಲೂಮು ಬದುಕಿದೆ. ಕೋಟು ಮುಟ್ಟಬೇಡ."

ಅವನು ಹೋದ ಮೇಲೆ ಎಲ್ಮಾ ಲಾಟೀನು ಹಿಡಿದು ಹೊರಟಳು. ತನ್ನ ಹಾಸಿಗೆಯ ಕಂಬಳಿಯನ್ನೂ ಮೈಮೇಲಿದ್ದ ಸ್ವೆಟರನ್ನೂ ಮರದ ಬುಡದಲ್ಲಿ ಮಡಿಸಿ ಹಾಸಿದಳು. ಎರಡು ವರ್ಷ ಜೊತೆಗಿದ್ದ ನಾಯಿ, ಈಗಲಾದರೂ ನನ್ನ ವಾಸನೆ ಸಾಲದೇ ಎಂದು ತನಗೆ ತಾನೇ ಹೇಳಿಕೊಂಡಳು. ಒದ್ದೆ ಕೋಟನ್ನು ಎದೆಗೆ ಅವುಚಿಕೊಂಡು ತಂದು, ಚೆನ್ನಾಗಿ ಸೌದೆ ತುಂಬಿದ ಒಲೆಯ ಮೇಲಿನ ಕೋಲಿಗೆ ಒಣಗಲು ಹಾಕಿದಳು.

ಬೆಳಗಿನ ಹೊತ್ತಿಗೆ ಮಳೆ ಹೋಗಿ ಹಿಮ ಬಿದ್ದು ನಿಂತಿತ್ತು. ಮರದ ಬುಡದಲ್ಲಿ ನಡೆದದ್ದೆಲ್ಲ ಹಿಮದ ಮೇಲೆ ಕಾಣುತ್ತಿತ್ತು. ಲೂಮು ಬಂದಿತ್ತು. ಕಂಬಳಿಯ ಹತ್ತಿರ ನಿಂತು, ಮರವನ್ನು ಸುತ್ತಿ, ಮತ್ತೆ ಸುತ್ತಿ, ಕೋಟು ಇದ್ದ ಜಾಗವನ್ನು ಮಣ್ಣು ಕಾಣುವವರೆಗೆ ಕೆರೆದಿತ್ತು. ಕಂಬಳಿಯ ಮೇಲೆ ಒಂದು ಹೆಜ್ಜೆಯನ್ನೂ ಇಟ್ಟಿರಲಿಲ್ಲ. ಪಕ್ಕದಲ್ಲಿ, ಬರಿಯ ಹಿಮದ ಮೇಲೆ, ಸ್ವಲ್ಪ ಹೊತ್ತು ಮಲಗಿದ್ದ ಗುಳಿ ಇತ್ತು. ಅಲ್ಲಿಂದ ಹೆಜ್ಜೆಗಳು ನೆಟ್ಟಗೆ ಮನೆಯ ಕಡೆ ಹೊರಟಿದ್ದವು. ಬಳಸುದಾರಿಯಲ್ಲಲ್ಲ, ಸರೋವರವನ್ನು ಅಡ್ಡ ಹಾಯ್ದು. ಸರೋವರ ಹೆಪ್ಪುಗಟ್ಟಿ ಇನ್ನೂ ನಾಲ್ಕು ದಿನವಾಗಿರಲಿಲ್ಲ.

ಎಲ್ಮಾ ಹೆಜ್ಜೆಗಳ ಹಿಂದೆ ದಡದ ತನಕ ನಡೆದಳು. ಹೆಜ್ಜೆಗಳ ತುದಿಯಲ್ಲಿ ಕಪ್ಪು ನೀರು ಕಾಣುತ್ತಿತ್ತು. ಅಂಚಿನ ಮಂಜುಗಡ್ಡೆಯ ತುಂಬ ಉಗುರಿನ ಗೀರುಗಳು.

ರೇಯ್ನೋ ಉದ್ದ ಕೊಕ್ಕೆಗೋಲು ತಂದು, ಹಲಗೆಯ ಮೇಲೆ ತೆವಳಿ ಹೋಗಿ ಲೂಮುವನ್ನು ಎಳೆದ. ದಡಕ್ಕೆ ತಂದು ಮಲಗಿಸಿ ಟೋಪಿ ತೆಗೆದ. ಹಿಂದಿನ ಸಂಜೆ ತಾನು ಹೇಳಿದ್ದನ್ನು ಎತ್ತಿ ಆಡಲಿಲ್ಲ.

"ಮಂಜುಗಡ್ಡೆ ಮೋಸ ಮಾಡ್ತು ಎಲ್ಮಾ," ಎಂದ.

"ಮಂಜುಗಡ್ಡೆ ಅಲ್ಲ. ನಾನು."

ಅವನು ಅದಕ್ಕೆ ಇಲ್ಲ ಅನ್ನಲಿಲ್ಲ. ಅನ್ನಬಹುದಿತ್ತು. ಆ ಸೀಮೆಯ ಜನ ಸಮಾಧಾನಕ್ಕೆಂದು ಎರಡು ಸಲ ಸುಳ್ಳು ಹೇಳುವವರಲ್ಲ.

ಮನೆಗೆ ಬಂದವಳು ನೇರ ಒಲೆಯ ಹತ್ತಿರ ಹೋದಳು. ಕೋಟು ಗರಿಗರಿಯಾಗಿ ಒಣಗಿತ್ತು. ಕೊರಳಪಟ್ಟಿ ಎತ್ತಿ ಮುಖ ಹುದುಗಿಸಿದಳು. ಹೊಗೆ, ಬೆಂದ ಉಣ್ಣೆ, ಸೀದ ಚರ್ಮ. ಕಂಕುಳು ಮೂಸಿದಳು, ಒಳಪದರ ಮೂಸಿದಳು, ಜೇಬು ಹೊರಗೆಳೆದು ಮೂಸಿದಳು. ಆರ್ವಿ ಎಲ್ಲಿಯೂ ಇರಲಿಲ್ಲ. ರಾತ್ರಿಯೆಲ್ಲ ಒಲೆ ಉರಿಸಿ ಅವನನ್ನು ಅವಳೇ ಕಳೆದುಕೊಂಡಿದ್ದಳು.

ಹಸು ಕೂಗುತ್ತಿತ್ತು. ಹಾಲು ಕರೆಯುವ ಹೊತ್ತು ಮೀರಿತ್ತು. ಎಲ್ಮಾ ಕೋಟು ತೊಟ್ಟು, ಗುಂಡಿ ಹಾಕಿಕೊಂಡು, ಬಕೆಟ್ಟು ಹಿಡಿದು ಕೊಟ್ಟಿಗೆಗೆ ಹೋದಳು.